ಕಾಂಟೋರನ ತೂಕ

"ಸತ್ತ ಮೇಲೂ ಕೊಂಬು ಬೆಳೆಯೋದು ಉಂಟಾ ಲೆಫ್ಟಿನೆಂಟಮ್ಮ?"

ತಿಹಮೇರ್ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಒಂದೊಂದರ ಕೆಳತುದಿಗೂ ಒಂದೊಂದು ಬೆರಳು ಒತ್ತಿದ.

"ನಮ್ಮ ಕಾಂಟೋರನಿಗೆ ಫೆಬ್ರವರಿಯಲ್ಲಿ ಜಿಲ್ಲೆಯವರು ಕೊಟ್ಟ ಅಂಕ ಇನ್ನೂರ ಮೂವತ್ತೆರಡು ಚಿಲ್ಲರೆ. ಈ ಅಮೆರಿಕದವನ ಗೋಡೆ ಮೇಲಿರೋ ಕೊಂಬಿಗೆ ಮುನ್ನೂರ ಹದಿನೆಂಟೂವರೆ. ನಡುವೆ ಎಂಬತ್ತಾರರ ಅಂತರ. ಪೊಲೀಸರಿಗೆ ಕಳೆಯೋ ಲೆಕ್ಕ ಬರುತ್ತೆ ಅಂದ್ಕೊಂಡಿದ್ದೆ."

ಎಟೆಲ್ಕಾ ಸಿಲ್ವಾಶಿ ಎರಡೂ ಹಾಳೆಗಳ ಮೇಲೆ ಬಾಗಿದಳು. ಕಪೋಶ್ವಾರ್ ಠಾಣೆಯಲ್ಲಿ ಹದಿನೇಳು ವರ್ಷ ಕಳೆದವಳು ಅವಳು. ಸೈಕಲ್ ಕಳ್ಳರಿಂದ ಹಿಡಿದು ಸುಳ್ಳು ಉಯಿಲು ಬರೆದವರವರೆಗೆ ಎಲ್ಲರನ್ನೂ ನೋಡಿದ್ದಳು. ಆದರೆ ಕೆಂಜಿಂಕೆಯನ್ನು ಹತ್ತಿರದಿಂದ ಕಂಡದ್ದು ಊಟದ ತಟ್ಟೆಯಲ್ಲಿ ಮಾತ್ರ. ಈ ಒಂದು ವಾರದಲ್ಲಿ ಅವಳು ಕಲಿತ ದೊಡ್ಡ ಪಾಠವೆಂದರೆ, ಝೆಲಿಟ್ಸ್ ಬೆಟ್ಟಗಳ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಸತ್ತ ಜಿಂಕೆಯ ಕೊಂಬಿನ ಅಳತೆ ಮರೆಯಲಾರರು.

ಅವಳೆದುರಿನ ಗೋಡೆಯಲ್ಲಿ, ನೂರಾರು ಕೊಂಬುಗಳ ನಡುವೆ, ಒಂದು ಬಿಳಿ ಖಾಲಿ ಜಾಗ. ಮೇ ಹನ್ನೆರಡರಂದು ಬೊದ್ಜಾಶ್ ಬೇಟೆ ಸಂಘದ ಈ ಮನೆಯಿಂದ ಕಾಂಟೋರನ ಕೊಂಬು ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ, ಬೀಗದಕೈ ಕಾಡುಗಾವಲಿನ ವೆಂಡೆಲನ ಜೇಬಿನಲ್ಲಿತ್ತು.

ಕಾಂಟೋರ್ ಎಂದರೆ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು. ಸೆಪ್ಟೆಂಬರಿನಲ್ಲಿ ಆ ಜಿಂಕೆ ಗಂಟಲೆತ್ತಿದರೆ ಉಳಿದ ಗಂಡುಗಳು ಮೊದಲ ಸಾಲು ಮುಗಿಯುವವರೆಗೆ ಕಾಯುತ್ತಿದ್ದವಂತೆ. ಹೆಸರಿಟ್ಟವನು ವೆಂಡೆಲ್. ಅದನ್ನು ಯಾರೂ ಹೊಡೆದಿರಲಿಲ್ಲ. ಹಿಂದಿನ ವರ್ಷ ಎಳೆಯ ಗಂಡೊಂದರ ಜೊತೆ ಕಾದಾಡಿ ಕೊರಕಲಲ್ಲಿ ಸತ್ತು ಬಿದ್ದಿತ್ತು. ಬೇಟೆಯಲ್ಲಿ ಬಿದ್ದ ಜಿಂಕೆಗೆ ಗೌರವ ಸಲ್ಲಿಸುವಂತೆ ವೆಂಡೆಲನೇ ಓಕ್ ರೆಂಬೆ ಮುರಿದು ಅದರ ಬಾಯಿಗೆ ಕೊನೆಯ ತುತ್ತಿಟ್ಟು, ಸಂಜೆಯವರೆಗೆ ಪಕ್ಕದಲ್ಲಿ ಕೂತಿದ್ದ. ಈಗ ಅದೇ ವೆಂಡೆಲ್ ಕಳ್ಳ. ಬರುವ ಭಾನುವಾರ, ಬೇಟೆಗಾರರ ಸಂತ ಹ್ಯೂಬರ್ಟನ ಹಬ್ಬದ ಪೂಜೆ ಮುಗಿದ ಮೇಲೆ ಸಂಘದ ಸಭೆ. ಕೈ ಎತ್ತಿದರೆಂದರೆ ಅವನ ಬಿಲ್ಲೆ ಹೋಯಿತು, ಮೂವತ್ತೊಂದು ವರ್ಷ ಬಾಳಿದ ಕಾಡಿನ ಮನೆಯೂ ಹೋಯಿತು.

ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಒಂದೇ ವಾಕ್ಯದ್ದು: "ನಾನು ಕಾಂಟೋರನನ್ನು ಮಾರಿಲ್ಲ."

"ಒಟ್ಟು ನೋಡಬೇಡ ಮಗಳೇ," ಎಂದರು ಎಟೆಲ್ಕಾಳ ಪಕ್ಕದಲ್ಲಿ ಕೂತಿದ್ದ ಬರ್ನಬಾಶ್ ಬಾಚಿ. "ಒಟ್ಟು ನೋಡೋದು ಸೋಮಾರಿಗಳು. ಸಾಲು ನೋಡು."

ಊರಿನ ಬಾಯಲ್ಲಿ ಹಿರಿಯ ಗಂಡಸರೆಲ್ಲ 'ಬಾಚಿ', ಹಿರಿಯ ಹೆಂಗಸರೆಲ್ಲ 'ನೇನಿ'. ಈ ಬಾಚಿಗೆ ಎಪ್ಪತ್ತೆಂಟು. ನಲವತ್ತು ವರ್ಷ ಹಲ್ಲಿನ ಸೆಟ್ಟು ಕಟ್ಟಿ ಬದುಕಿದವರು. ಬಿಡುವಿನಲ್ಲಿ ಜಿಲ್ಲೆಯ ಕೊಂಬು ಪರೀಕ್ಷಕರು. ಬೊದ್ಜಾಶಿನ ಅರ್ಧ ಜನ ನಕ್ಕರೆ ಕಾಣುವುದು ಇವರ ಕೈಕೆಲಸ. ಕೆಲಸ ಬಿಟ್ಟು ಹತ್ತು ವರ್ಷವಾದರೂ ಕೋಟಿನಿಂದ ಲವಂಗದೆಣ್ಣೆಯ ವಾಸನೆ ಹೋಗಿರಲಿಲ್ಲ. ಮಾರ್ಚಿನಲ್ಲಿ ಸೊಂಟದ ಆಪರೇಷನ್ ಆದಂದಿನಿಂದ ಬೇಟೆಮನೆಯ ಮೆಟ್ಟಿಲು ಹತ್ತಿರಲಿಲ್ಲ. ಇವತ್ತು ಎಟೆಲ್ಕಾ ಕಾರಿನಲ್ಲಿ ಕರೆತಂದು, ತೋಳು ಹಿಡಿದು ಹತ್ತಿಸಿದ್ದಳು.

"ಎರಡು ದೇಶದ ಕಣ್ಣು ಬೇರೆ," ಎಂದರು ಬಾಚಿ. "ನಾವು ಕೊಂಬು ನೋಡೋದು ಹೆಣ್ಣು ನೋಡೋಕೆ ಬಂದವರ ಹಾಗೆ. ಉದ್ದ ಎಷ್ಟು, ಮೈತೂಕ ಎಷ್ಟು, ಬಣ್ಣ ಹೇಗೆ, ತುದಿಯ ಕವಲುಗಳ ಕಿರೀಟ ಲಕ್ಷಣವಾಗಿದೆಯಾ, ಎಲ್ಲಕ್ಕೂ ಅಂಕ. ಎಡಕ್ಕೂ ಬಲಕ್ಕೂ ಹೆಚ್ಚುಕಮ್ಮಿ ಇದ್ರೆ ಕೂಡಿಸಿ ಅರ್ಧ ಮಾಡಿ ಹೊಂದಿಕೊಂಡು ಹೋಗ್ತೀವಿ. ಅಮೆರಿಕದವರು ದರ್ಜಿಗಳು. ಎಡತೋಳು ಅರ್ಧ ಇಂಚು ಉದ್ದ ಆಯ್ತಾ, ಆ ಅರ್ಧ ಇಂಚು ಕತ್ತರಿಸಿ ಬಿಸಾಡ್ತಾರೆ. ರೂಪ ಕೇಳಲ್ಲ, ಬಣ್ಣ ಕೇಳಲ್ಲ. ಟೇಪು ಮುಟ್ಟಿದ್ದಕ್ಕೆ ಮಾತ್ರ ಅಂಕ. ನಿನ್ನ ವಯಸ್ಸಿನಲ್ಲಿ ನನ್ನ ರಕ್ತದೊತ್ತಡವನ್ನ ಯಾರಾದ್ರೂ ಕಳೀತಾರಾ? ಅಧ್ಯಕ್ಷರು ಈಗ ಮಾಡಿದ್ದು ಅದನ್ನೇ."

"ಅಧ್ಯಕ್ಷರಿಗೆ ಕೆಲಸ ಇದೆ," ಎಂದ ತಿಹಮೇರ್. ಮರದ ವ್ಯಾಪಾರಿ, ಸಂಘದ ಅಧ್ಯಕ್ಷ. ಹಸಿರು ಟೋಪಿಯನ್ನು ಮೇಜಿನ ಮೇಲಿಟ್ಟೇ ಮಾತಾಡುವವನು. ಕಿರೀಟ ತೆಗೆದಿಟ್ಟ ಅರಸನಂತೆ ಅದರ ಅಂಚನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಎಟೆಲ್ಕಾ ಪೆನ್ಸಿಲ್ ತೆಗೆದಳು. ವಿಸ್ಕಾನ್ಸಿನ್ನಿನ ಹಾಲ್ವರ್ಸನ್ ಎಂಬ ಶ್ರೀಮಂತ ತನ್ನ ಹೊಸ ಕೊಂಬಿನ ಚಿತ್ರವನ್ನು ಬೇಟೆ ಪತ್ರಿಕೆಯೊಂದರಲ್ಲಿ ಹಾಕಿಸಿಕೊಂಡಿದ್ದ. ಬಾಚಿ ಅದನ್ನು ಕಂಡು, ಗುರುತು ಹಿಡಿದು, ಠಾಣೆಗೆ ಫೋನ್ ಮಾಡಿದ್ದರು. ಅಳತೆಯ ಹಾಳೆಯನ್ನು ಹಾಲ್ವರ್ಸನ್ ತಾನಾಗಿಯೇ ಕಳಿಸಿದ್ದ, ಹೆಮ್ಮೆಯಿಂದ.

ಎಡ ದಿಂಡು, ಅಂದರೆ ಕವಲೊಡೆಯುವ ಮುಖ್ಯ ಕೊಂಬು, ನಲವತ್ತಾರೂವರೆ ಇಂಚು. ಎರಡು ಪಾಯಿಂಟ್ ಐದು ನಾಲ್ಕರಿಂದ ಗುಣಿಸಿದಳು. ನೂರ ಹದಿನೆಂಟು ಸೆಂಟಿಮೀಟರು, ಒಂದು ಮಿಲಿಮೀಟರು. ಬಾಚಿ ಫೆಬ್ರವರಿಯಲ್ಲಿ ಬರೆದ ಹಾಳೆಯಲ್ಲಿ ನೂರ ಹದಿನೆಂಟು.

ಬಲ ದಿಂಡು, ನಲವತ್ತೈದು ಇಂಚಿನ ಮೇಲೆ ಎಂಟರಲ್ಲಿ ಏಳು ಭಾಗ. ನೂರ ಹದಿನಾರೂವರೆ ಸೆಂಟಿಮೀಟರು. ಬಾಚಿಯ ಹಾಳೆಯಲ್ಲೂ ನೂರ ಹದಿನಾರೂವರೆ.

ದಿಂಡಿನ ಸುತ್ತಳತೆ, ಆರೂಮುಕ್ಕಾಲು ಇಂಚು. ಅದೂ ಒಂದು ಕೂದಲೆಳೆ ಆಚೀಚೆ ಸರಿಹೋಯಿತು.

ಪೆನ್ಸಿಲ್ ಕೆಳಗಿಳಿಯುತ್ತಿದ್ದಂತೆ ತಿಹಮೇರನ ಬೆರಳು ಟೋಪಿಯ ಅಂಚಿಗೆ ಹೋಯಿತು.

"ಕವಲು ಎಣಿಸಿ," ಎಂದ. "ನಮ್ಮದರಲ್ಲಿ ಹದಿನೇಳು. ಅಲ್ಲಿ ಹದಿನಾರು. ಊರಿನ ಯಾವ ಮುದುಕಿಯನ್ನ ಬೇಕಾದ್ರೂ ಕೇಳಿ, ಕಾಂಟೋರನಿಗೆ ಹದಿನೇಳು ಕವಲು."

ಅದು ನಿಜವಾಗಿತ್ತು. ಎಟೆಲ್ಕಾ ಎರಡು ಸಲ ಎಣಿಸಿದಳು. ಆಮೇಲೆ ತನಗೆ ಗೊತ್ತಿಲ್ಲದ ವಿಷಯದಲ್ಲಿ ಕೇಳಬಹುದಾದ ಅತಿ ದಡ್ಡ ಪ್ರಶ್ನೆಯನ್ನು ಕೇಳಿದಳು. ಅವಳ ಹದಿನೇಳು ವರ್ಷದ ಅನುಭವದಲ್ಲಿ ಅಂಥವೇ ಹೆಚ್ಚು ಕೆಲಸಕ್ಕೆ ಬಂದಿದ್ದವು.

"ಬಾಚಿ, ಎಷ್ಟು ಉದ್ದ ಇದ್ರೆ ಅದು ಕವಲು? ಎಷ್ಟಿದ್ರೆ ಬರೀ ಗಂಟು?"

"ಎರಡು ಸೆಂಟಿಮೀಟರು. ಅಷ್ಟಾದ್ರೆ ನಮ್ಮಲ್ಲಿ ಕವಲು."

"ಅವರಲ್ಲಿ?"

ಬಾಚಿ ತಮ್ಮದೇ ಹಾಳೆಯನ್ನು ಕಣ್ಣ ಹತ್ತಿರ ಎಳೆದುಕೊಂಡರು.

"ಅವರಲ್ಲಿ ಒಂದಿಂಚು ಇರಬೇಕು. ಬಲ ಕಿರೀಟದ ಹಿಂದೆ ಒಂದು ಪುಟ್ಟದಿದೆ ನೋಡು. ಎರಡು ಸೆಂಟಿಮೀಟರು, ಎರಡು ಮಿಲಿಮೀಟರು. ಒಂದಿಂಚಿಗೆ ಕಮ್ಮಿ. ಇಲ್ಲಿ ಅದು ಕವಲು, ಸಮುದ್ರ ದಾಟಿದ ಕೂಡಲೇ ಗಂಟು." ಅವರು ಸಂತೋಷದಿಂದ ತೊಡೆ ತಟ್ಟಿಕೊಂಡರು; ಸೊಂಟ ನೆನಪಾಗಿ ಮುಖ ಹಿಂಡಿದರು. "ನಲವತ್ತು ವರ್ಷದಿಂದ ಅಳೀತಿದೀನಿ, ನನಗೇ ಹೊಳೀಲಿಲ್ಲವಲ್ಲ."

"ಹಾಗಾದ್ರೆ ಇದು ಕಾಂಟೋರನೇ," ಎಂದಳು ಎಟೆಲ್ಕಾ.

ತಿಹಮೇರ್ ಸಿಟ್ಟಾಗಲಿಲ್ಲ. ನಿಧಾನವಾಗಿ ನಕ್ಕ. ಆ ನಗೆ ಎಟೆಲ್ಕಾಳಿಗೆ ಹಿಡಿಸಲಿಲ್ಲ. ಕೊನೆಯ ಎಲೆಯನ್ನು ಕೈಯಲ್ಲೇ ಉಳಿಸಿಕೊಂಡು ಇಸ್ಪೀಟು ಆಡುವವರು ಹಾಗೆ ನಗುತ್ತಾರೆ.

"ಅಳತೆ ಎಲ್ಲ ನೋಡಿದ್ರಿ. ತಾರೀಕು ನೋಡಿದ್ರಾ?"

ಅಮೆರಿಕದ ಹಾಳೆಯ ಮೂಲೆಯಲ್ಲಿ, ಅಳೆದವನ ಸಹಿಯ ಕೆಳಗೆ: ಏಪ್ರಿಲ್ ಒಂಬತ್ತು, ಸಾವಿರದ ಒಂಬೈನೂರ ತೊಂಬತ್ತಾರು.

"ಏಪ್ರಿಲ್ ಏಳಕ್ಕೆ ಈಸ್ಟರ್," ಎಂದ ತಿಹಮೇರ್, ಎದ್ದು ಹೋಗಿ ಗೂಡಿನಿಂದ ಫೋಟೋ ಪುಸ್ತಕ ತೆಗೆದ. "ಅವತ್ತು ಈ ಗೋಡೆ ಕೆಳಗೆ ಮೂವತ್ತು ಜನ ಕೂತು ಹಂದಿತೊಡೆ ತಿಂದ್ವಿ. ಇಗೋ ನಾನು. ಇಗೋ ಪಾದ್ರಿ, ಬಾಯಿ ತುಂಬ ಮೂಲಂಗಿ. ಇಗೋ ನಮ್ಮ ತಲೆ ಮೇಲೆ ಕಾಂಟೋರ್. ಮೇ ಹನ್ನೆರಡರವರೆಗೆ ಅಲ್ಲೇ ಇದ್ದ. ನಡುವೆ ಎರಡು ದಿನಕ್ಕೆ ಅಮೆರಿಕಕ್ಕೆ ಹೋಗಿ, ಅಳೆಸಿಕೊಂಡು, ವಾಪಸ್ ಬಂದು ತಾನೇ ಮೊಳೆಗೆ ನೇತುಹಾಕಿಕೊಂಡನಾ?" ಪುಸ್ತಕ ಮುಚ್ಚಿದ. "ಅದು ಬೇರೆ ಯಾವುದೋ ಜಿಂಕೆ. ನಮ್ಮದನ್ನ ವೆಂಡೆಲ್ ಎಲ್ಲೋ ಹೂತಿಟ್ಟಿದಾನೆ. ಭಾನುವಾರ ಅವನನ್ನ ಕಳಿಸ್ತೀವಿ, ಆಮೇಲೆ ನೀವು ಅವನ ಹಿತ್ತಿಲು ಅಗೀರಿ."

ಬಾಚಿಯ ಮುಖ ಇಳಿಯಿತು. ಎಟೆಲ್ಕಾ ಫೋಟೋವನ್ನು ಮತ್ತೆ ತೆರೆಸಿ ನೋಡಿದಳು. ಅನುಮಾನವೇ ಇರಲಿಲ್ಲ. ಹದಿನೇಳು ಕವಲು, ಆ ಪುಟ್ಟ ಗಂಟೂ ಸೇರಿ.

ಒಂದೇ ಕೊಂಬು, ಒಂದೇ ವಾರ, ಎರಡು ಖಂಡ.

ಅಷ್ಟರಲ್ಲಿ ಯೂಲಿಶ್ ನೇನಿ ಹುರುಳಿಕಾಯಿ ಬೀಜದ ಸೂಪಿನ ಪಾತ್ರೆ ಹೊತ್ತು ಬಂದಳು. ಬೇಟೆಮನೆಯ ಅಡುಗೆ, ಕಸ, ಒಲೆ ಎಲ್ಲ ಅವಳದೇ. ಎಪ್ಪತ್ತು ದಾಟಿದ್ದರೂ ಗಂಡಸರನ್ನು ಬಯ್ಯುವ ದನಿಯಲ್ಲಿ ಒಂದು ಕೂದಲೂ ನರೆತಿರಲಿಲ್ಲ.

"ಹಾಳೆ ಎತ್ತಿ, ಸೂಪು ಚೆಲ್ಲಿದ್ರೆ ನನ್ನನ್ನೇ ಅನ್ನೋದು." ಫೋಟೋ ಕಂಡು ಮೂಗು ಮುರಿದಳು. "ನೋಡಮ್ಮ, ಹಿಂದಿನ ಗೋಡೆ ಎಷ್ಟು ಬೆಳ್ಳಗಿದೆ. ಪಾದ್ರಿ ಬರ್ತಾರೆ ಅಂತ ಹಿಂದಿನ ದಿನ ನಾನೇ ಸುಣ್ಣ ಬಳಿದದ್ದು. ಯಾರಾದ್ರೂ ಒಂದು ಮಾತು ಒಳ್ಳೇದು ಆಡಿದ್ರಾ? ಎಲ್ಲಾ ಹಂದಿತೊಡೆ ನೋಡಿದ್ದೇ ನೋಡಿದ್ದು."

"ಸುಣ್ಣ ಬಳಿಯೋವಾಗ ಕೊಂಬುಗಳನ್ನ ಯಾರು ಇಳಿಸಿದ್ದು ನೇನಿ?" ಎಟೆಲ್ಕಾ ಕೇಳಿದ್ದು ಸುಮ್ಮನೆ, ಚಮಚ ಎತ್ತಿಕೊಳ್ಳುತ್ತ.

"ಇವರು ಬಂದು ಇಳಿಸ್ತಾರಾ? ಉಳಿದವು ಭಾರ ಅಂತ ಅಲ್ಲೇ ಬಿಟ್ಟು ಸುತ್ತ ಬಳಿದೆ. ಆ ದೊಡ್ಡದನ್ನ ಮಾತ್ರ ಇಳಿಸಿದೆ."

ಚಮಚ ನಿಂತಿತು.

"ಒಬ್ಬರೇ?"

"ಇನ್ನೊಬ್ಬಳನ್ನ ಎಲ್ಲಿಂದ ತರಲಿ? ಒಂದು ಕೈಲಿ ಏಣಿ ಹಿಡ್ಕೊಂಡೆ, ಇನ್ನೊಂದು ಕೈಲಿ ಅದನ್ನ ತೆಗೆದೆ."

ಒಲೆಯಲ್ಲಿ ಕೊರಡೊಂದು ಜಾರಿ ಕೂತ ಸದ್ದು ಕೇಳಿಸಿತು.

ಎಟೆಲ್ಕಾ ಬಾಚಿಯ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿದಳು. ಅಮೆರಿಕದ ಹಾಳೆಯಲ್ಲಿ ಇಲ್ಲದ ಸಾಲೊಂದು ಇದರಲ್ಲಿತ್ತು: ತೂಕ, ಹನ್ನೊಂದು ಕಿಲೋ ಮುನ್ನೂರ ಅರವತ್ತು ಗ್ರಾಂ.

"ನೇನಿ, ಒಂದು ಉಪಕಾರ. ಆ ಬಾಗಿಲ ಪಕ್ಕದ ಕೊಂಬು ಇದೆಯಲ್ಲ, ಅದನ್ನ ಇಳಿಸಿ ಕೊಡ್ತೀರಾ? ಕೈಗೆಟಕುವ ಹಾಗೇ ಇದೆ."

"ನನಗೆ ವಯಸ್ಸಾಯ್ತು ಅಂತ ಎಲ್ಲರಿಗೂ ತೋರಿಸ್ಬೇಕಾ?" ಎಂದರೂ ಹೋದಳು. ಒಂದು ಕೈ ಹಾಕಿದಳು. ಎರಡೂ ಕೈ ಹಾಕಿದಳು. ಕೊಂಬು ಮೊಳೆಯಿಂದ ಒಂದು ಬೆರಳಷ್ಟು ಎದ್ದು ಮತ್ತೆ ಕೂತಿತು. "ಆಗಲ್ಲಮ್ಮ. ಕಲ್ಲು ಇದ್ದ ಹಾಗಿದೆ."

"ಅದು ಎಷ್ಟು ತೂಕ ಬಾಚಿ?"

"ಎಂಟು ಕಿಲೋ ಹತ್ತಿರ." ಬಾಚಿಯ ದನಿ ತೆಳುವಾಗಿತ್ತು.

"ಎಂಟು ಕಿಲೋ ಎತ್ತೋಕಾಗದವರು ಹನ್ನೊಂದು ಕಿಲೋನ ಒಂದು ಕೈಲಿ ಇಳಿಸಿದ್ರು. ಏಪ್ರಿಲ್‌ನಿಂದ ಇಲ್ಲಿಗೆ ನೇನಿಗೆ ಏಳು ತಿಂಗಳು ವಯಸ್ಸಾಗಿದೆ ಅಷ್ಟೇ." ಎಟೆಲ್ಕಾ ತಿಹಮೇರನ ಕಡೆ ತಿರುಗಿದಳು. "ನೀವು ಹೇಳಿದ್ದು ಸರಿ. ಈಸ್ಟರಿಗೆ ಈ ಗೋಡೆ ಮೇಲೆ ಕಾಂಟೋರನ ಹಾಗೇ ಇರೋದು ಒಂದು ಇತ್ತು. ಕಾಂಟೋರ್ ಇರಲಿಲ್ಲ."

"ಮುದುಕಿ ಮಾತು," ಎಂದ ತಿಹಮೇರ್.

"ಮುದುಕಿ ಮಾತೇ ಸ್ವಾಮಿ," ಎಂದಳು ನೇನಿ, ಸೊಂಟಕ್ಕೆ ಕೈ ಇಟ್ಟು. "ಇನ್ನೊಂದು ಮಾತೂ ಕೇಳಿ. ಅದು ಬರೀ ಹಗುರ ಅಲ್ಲ, ವಾಸನೆ ಬರ್ತಿತ್ತು. ಲವಂಗದ ವಾಸನೆ. ಕ್ರಿಸ್ಮಸ್ ರೊಟ್ಟಿ ಡಬ್ಬಿ ಹಾಗೆ. ನಾನು ಆಗಲೇ ಅಂದ್ಕೊಂಡೆ, ಇದೇನು ಬರ್ನಬಾಶ್ ಬಾಚಿ ಕೋಟಿನ ಪಕ್ಕ ನೇತುಹಾಕಿದ್ರಾ ಅಂತ."

ಎಟೆಲ್ಕಾಳ ಪಕ್ಕದಲ್ಲಿ ಕೂತಿದ್ದ ಕೋಟು ಅಲುಗಲಿಲ್ಲ.

ಒಂದು ವಾರದಿಂದ ಅವಳು ಕಣ್ಣು ಮುಚ್ಚಿ ನಂಬಿದ್ದು ಒಬ್ಬರನ್ನೇ. ಕೊಂಬಿನ ಮೇಲೆ ಬೆರಳಾಡಿಸಿ ತೋರಿಸಿದ್ದು, ಇಂಚು ಕಲಿಸಿದ್ದು, ಚಿತ್ರ ಗುರುತಿಸಿದ್ದು ಎಲ್ಲ ಇವರೇ. ಅವಳು ಅವರತ್ತ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

ತಿಹಮೇರ್ ಆ ಹೊತ್ತನ್ನು ವ್ಯರ್ಥ ಮಾಡಲಿಲ್ಲ. "ನೋಡಿ ಲೆಫ್ಟಿನೆಂಟಮ್ಮ. ಕಳ್ಳನನ್ನ ಕಾರಲ್ಲಿ ಕೂರಿಸ್ಕೊಂಡು ತಿರುಗ್ತಿದ್ರಿ."

"ಅಚ್ಚು ನಾನೇ ತೆಗೆದದ್ದು," ಎಂದರು ಬಾಚಿ. ಮೇಜಿನ ಕಡೆಗೇ ನೋಡುತ್ತಿದ್ದರು. "ಫೆಬ್ರವರಿ ಕೊನೆಯಲ್ಲಿ. ಹಲ್ಲಿನ ಸೆಟ್ಟಿಗೆ ಹಾಕೋ ಸಾಮಾನೇ. ಯೂಲಿಶ್, ನೀನು ಅಗಿಯೋ ಹಲ್ಲೂ ಅದೂ ಒಂದೇ ಡಬ್ಬಿಯದು. ಒಳಗೆ ಟೊಳ್ಳು. ಅಕ್ರೋಟದ ಸಿಪ್ಪೆ ಕುದಿಸಿ ಬಣ್ಣ ಕಟ್ಟಿದೆ. ನನ್ನ ಜೀವನದ ಅತಿ ಒಳ್ಳೆ ಕೆಲಸ." ಆಮೇಲೆ ತಲೆ ಎತ್ತಿದರು. "ಯಾರು ಮಾಡಿಸಿದ್ದು, ಯಾಕೆ ಅಂತ ಹೇಳಿ ಮಾಡಿಸಿದ್ದು, ಅದನ್ನ ಅಧ್ಯಕ್ಷರು ಹೇಳ್ಲಿ."

ತಿಹಮೇರ್ ಟೋಪಿಯ ಅಂಚನ್ನು ಬಿಟ್ಟ.

"ಶಾಲೆಗೆ," ಎಂದ. "ಮಕ್ಕಳು ನೋಡ್ಲಿ ಅಂತ ಮಾಡಿಸಿದೆ. ಅದೂ ಅಪರಾಧವಾ?"

"ಶಾಲೆಯಲ್ಲಿದೆಯಾ?"

"ಅವರಿಗೆ ಜಾಗ ಇರ್ಲಿಲ್ಲ."

"ಹಾಗಾದ್ರೆ ಎಲ್ಲಿದೆ?"

"ನಾನೇನು ಕಾವಲುಗಾರನಾ? ಸಾಮಾನು ನೋಡ್ಕೊಳೋದು ವೆಂಡೆಲ್."

"ಬಾಚಿ, ಕಾಂಟೋರನ ಕೊಂಬನ್ನ ಮೇ ಆದ ಮೇಲೆ ಎಲ್ಲಿಗಾದ್ರೂ ಕಳಿಸಬೇಕಿತ್ತಾ?"

"ಜೂನ್‌ನಲ್ಲಿ ಬುಡಾಪೆಸ್ಟಿಗೆ. ಪ್ರದರ್ಶನ ಇತ್ತು. ಅಲ್ಲಿ ಬಾಗಿಲಲ್ಲೇ ತಕ್ಕಡಿ ಇಟ್ಟಿರ್ತಾರೆ, ಮೊದಲು ತೂಗಿಯೇ ಒಳಗೆ ಬಿಡೋದು."

"ತೂಗೋ ಮೊದಲೇ ಕಳುವಾಯ್ತು," ಎಂದಳು ಎಟೆಲ್ಕಾ. "ಅನುಕೂಲವಾದ ಕಳ್ಳ. ಈ ಮನೆಗೆ ಎರಡನೇ ಬೀಗದಕೈ ಯಾರ ಹತ್ತಿರ ಇದೆ ಅಧ್ಯಕ್ಷರೇ?"

ತಿಹಮೇರ್ ಗಡಿಯಾರ ನೋಡಿದ. ಇನ್ನು ಮಾತೇನಿದ್ದರೂ ತನ್ನ ವಕೀಲರ ಎದುರು ಎಂದ. ಭಾನುವಾರ ಸಭೆ ನಡೆದೇ ನಡೆಯುತ್ತದೆ, ವೆಂಡೆಲ್ ಮಾರಿದ್ದು ಅಸಲಿಯೋ ನಕಲಿಯೋ ಸಂಘಕ್ಕೆ ಎರಡೂ ಒಂದೇ ಎಂದ. ಬಾಗಿಲು ಹಾಕಿದ ಸದ್ದು ಅಷ್ಟೇನೂ ಜೋರಾಗಿರಲಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಬರಿತಲೆಯಲ್ಲಿ ಬೀದಿಗಿಳಿಯದ ಮನುಷ್ಯ ಟೋಪಿಯನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದ.

"ಸೂಪು ತಣ್ಣಗಾಯ್ತು," ಎಂದಳು ನೇನಿ, ಟೋಪಿಯನ್ನು ಎರಡು ಬೆರಳಲ್ಲಿ ಎತ್ತಿ ಕುರ್ಚಿಗೆ ಹಾಕುತ್ತ.

ಬಾಚಿ ತಿನ್ನಲಿಲ್ಲ. "ನನ್ನನ್ನ ಒಳಗೆ ಹಾಕ್ತೀಯಾ ಮಗಳೇ?"

"ಮೊದಲು ಸೂಪು ಕುಡೀರಿ. ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಶಾಲೆಯಲ್ಲಿದೆ ಅಂದ್ಕೊಂಡಿದ್ದೆ. ಇವತ್ತು ಯೂಲಿಶ್ ಲವಂಗ ಅನ್ನೋವರೆಗೂ ಹಾಗೇ ಅಂದ್ಕೊಂಡಿದ್ದೆ." ಚಮಚವನ್ನು ಸೂಪಿನಲ್ಲಿ ಸುಮ್ಮನೆ ತಿರುಗಿಸಿದರು. "ನನ್ನ ಕೈಯಿಂದಲೇ ವೆಂಡೆಲನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟ ಹಾಗಾಯ್ತಲ್ಲ."

"ಬಿಚ್ಚಿದ್ದೂ ನೀವೇ. ಚಿತ್ರ ನೋಡಿ ನಮಗೆ ಫೋನ್ ಮಾಡಿದವರು ಯಾರು?"

ಬಾಚಿ ಸ್ವಲ್ಪ ಚೇತರಿಸಿಕೊಂಡರು. ಒಂದು ಚಮಚ ಕುಡಿದರು, ಎರಡನೆಯದನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

"ಮಗಳೇ, ಒಂದು ಮಾತು. ಅಚ್ಚು ಒಂದೇ ತೆಗೆದೆ. ಎರಕ ಹೊಯ್ದದ್ದು ಎರಡು. ಒಂದು ಶಾಲೆಗೆ, ಇನ್ನೊಂದು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಅಂತ ತಿಹಮೇರ್ ಹೇಳಿದ್ದ."

ಎಟೆಲ್ಕಾ ಅಮೆರಿಕದ ಹಾಳೆಯನ್ನು ಮತ್ತೆ ಎಳೆದುಕೊಂಡಳು. ಮೇಲಿನಿಂದ ಕೆಳಗೆ, ಒಂದೊಂದು ಚೌಕವನ್ನೂ ಬೆರಳಿಟ್ಟು ನೋಡಿದಳು. ಉದ್ದ, ಅಗಲ, ಸುತ್ತಳತೆ, ಎಡಬಲದ ವ್ಯತ್ಯಾಸ, ಎಂಟನೇ ಒಂದು ಇಂಚಿನವರೆಗೆ ಎಲ್ಲವೂ ಇತ್ತು.

ತೂಕಕ್ಕೆ ಚೌಕವೇ ಇರಲಿಲ್ಲ.

"ಬ್ರೆಡ್ಡು ಕೊಡಿ ನೇನಿ," ಎಂದಳು. ವಾರದ ಮೇಲೆ ಮೊದಲ ಬಾರಿಗೆ ಅವಳಿಗೆ ಹಸಿವಾಗಿತ್ತು.

ಮರುದಿನ ಶುಕ್ರವಾರ, ಸಕಲ ಸಂತರ ಹಬ್ಬ. ಠಾಣೆಯಲ್ಲಿ ಎಟೆಲ್ಕಾ, ಫ್ಯಾಕ್ಸ್ ಯಂತ್ರ, ಯಾರದೋ ಮೇಜಿನ ಮೇಲೆ ಬಾಡುತ್ತಿದ್ದ ಸೇವಂತಿಗೆ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಿಂದಿನ ಸಂಜೆ ಅವಳು ವಿಸ್ಕಾನ್ಸಿನ್ನಿಗೆ ಕಳಿಸಿದ್ದು ಎರಡೇ ಸಾಲು. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅದನ್ನು ಬರೆಯಲು ಅರ್ಧ ಗಂಟೆ ಹಿಡಿದಿತ್ತು: ದಯವಿಟ್ಟು ಕೊಂಬನ್ನು ಗೋಡೆಯಿಂದ ಇಳಿಸಿ, ಮನೆಯಲ್ಲಿ ಯಾವ ತಕ್ಕಡಿ ಇದೆಯೋ ಅದರ ಮೇಲಿಡಿ. ಎಷ್ಟು ಬಂತು ಹೇಳಿ.

ಹತ್ತೂಕಾಲಿಗೆ, ವಿಸ್ಕಾನ್ಸಿನ್ನಿನಲ್ಲಿ ಇನ್ನೂ ರಾತ್ರಿ ಮೂರು ಗಂಟೆಯಿರುವಾಗ, ಯಂತ್ರ ಕೆಮ್ಮಿತು.

"ಬಚ್ಚಲುಮನೆಯ ತಕ್ಕಡಿಯಲ್ಲಿ ಒಂಬತ್ತೂಕಾಲು ಪೌಂಡು. ಮೂರು ಸಲ ಇಟ್ಟೆ. ಇದರ ಅರ್ಥವೇನು? ನನ್ನ ಹೆಂಡತಿ ನಗುತ್ತಿದ್ದಾಳೆ. ನಾನು ನಗುತ್ತಿಲ್ಲ."

ಒಂಬತ್ತೂಕಾಲು ಪೌಂಡು. ಎಟೆಲ್ಕಾ ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದಳು. ನಾಲ್ಕು ಕಿಲೋ ಇನ್ನೂರು ಗ್ರಾಂ. ಅಸಲಿಗಿಂತ ಏಳು ಕಿಲೋ ಕಮ್ಮಿ.

ಕುರ್ಚಿಗೆ ಒರಗಿ ಕೂತಳು. ಒಂದು ಎರಕ ಮೇ ತಿಂಗಳವರೆಗೆ ಗೋಡೆ ಮೇಲೆ, ಇನ್ನೊಂದು ಅಮೆರಿಕದಲ್ಲಿ. ತಿಹಮೇರ್ ಕಳಿಸಿದ್ದು ಅಸಲಿಯೆಂದೇ ಅವನು ನಂಬಿದ್ದ. ಇಲ್ಲದಿದ್ದರೆ ನಿನ್ನೆ ಆ ಹಾಳೆ ಕಂಡು ಅಷ್ಟು ಹೆದರುತ್ತಿರಲಿಲ್ಲ. ಅಂದರೆ ಅಮೆರಿಕಕ್ಕೆ ಹೊರಟ ಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲು ಯಾರೋ ಅದರೊಳಗಿನದನ್ನು ಬದಲಿಸಿದ್ದಾರೆ. ಕಳ್ಳನ ಮನೆಯಲ್ಲೇ ಕಳ್ಳತನ. ಕಾಂಟೋರ್ ಸಮುದ್ರ ದಾಟಿಯೇ ಇಲ್ಲ. ಈ ಬೆಟ್ಟಗಳಲ್ಲೇ ಎಲ್ಲೋ ಇದ್ದಾನೆ.

ಅವಳು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಆ ಸೇವಂತಿಗೆಯನ್ನೂ ಎತ್ತಿಕೊಂಡು ಹೊರಟಳು.

ಬೊದ್ಜಾಶಿನ ಸ್ಮಶಾನದಲ್ಲಿ ಊರಿಗೆ ಊರೇ ಇತ್ತು. ಎಳೆಬಿಸಿಲು. ಗೋರಿ ತೊಳೆಯುವವರು, ಹೂ ಜೋಡಿಸುವವರು, ಪಕ್ಕದ ಗೋರಿಯ ಹೂವಿಗೆ ಎಷ್ಟು ಕೊಟ್ಟಿರಬಹುದೆಂದು ಕಣ್ಣಲ್ಲೇ ಅಳೆಯುವವರು. ವೆಂಡೆಲ್ ಮೂಲೆಯಲ್ಲಿ, ಹೆಂಡತಿಯ ಕಲ್ಲಿನ ಮುಂದೆ ಮಂಡಿಯೂರಿದ್ದ. ಉದ್ದನೆಯ, ಮಾತು ಕಮ್ಮಿಯ ಮನುಷ್ಯ. ಅವನ ಸುತ್ತ ಮೂರು ಗೋರಿಯಷ್ಟು ಜಾಗವನ್ನು ಜನ ಖಾಲಿ ಬಿಟ್ಟಿದ್ದರು.

ಎಟೆಲ್ಕಾ ಆ ಖಾಲಿ ಜಾಗವನ್ನು ದಾಟಿ ಹೋಗಿ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಮಾತಾಡಿದಳು.

"ವೆಂಡೆಲ್ ಬಾಚಿ, ಭಾನುವಾರ ಸಭೆಗೆ ನಾನೂ ಬರ್ತೀನಿ. ಮೇ ತಿಂಗಳಲ್ಲಿ ಕಳುವಾದದ್ದು ಹಲ್ಲಿನ ಸೆಟ್ಟಿನ ಸಾಮಾನಲ್ಲಿ ಮಾಡಿದ ನಕಲಿ. ಅದನ್ನ ಗೋಡೆಗೆ ಹಾಕಿದವರು ನೀವಲ್ಲ. ಅಮೆರಿಕದಲ್ಲಿರೋದೂ ನಕಲಿ. ಮಾರಿದವರೂ ನೀವಲ್ಲ. ಇದು ಬರವಣಿಗೆಯಲ್ಲಿದೆ."

ಗೋರಿ ತೊಳೆಯುತ್ತಿದ್ದ ಕೈಗಳು ನಿಂತವು. ಯಾರೋ ಗಂಟಲು ಸರಿಮಾಡಿಕೊಂಡರು. ಯೂಲಿಶ್ ನೇನಿ ಜನರ ನಡುವಿನಿಂದ ಬಿರಬಿರನೆ ಬಂದು, ಕರವಸ್ತ್ರದಲ್ಲಿ ಸುತ್ತಿದ ಉಪ್ಪಿನ ಪೊಗಾಚಾ ಬನ್ನುಗಳನ್ನು ವೆಂಡೆಲನ ಪಕ್ಕ ಇಟ್ಟಳು. "ಆರು ತಿಂಗಳಿಂದ ನೆಟ್ಟಗೆ ತಿಂದಿಲ್ಲ ಇವನು, ಮೂಳೆ ನೋಡಿ," ಎಂದು ಯಾರಿಗೂ ಅಲ್ಲದೆ ಎಲ್ಲರಿಗೂ ಹೇಳಿದಳು. ಅವಳ ಹಿಂದೆ ಬೇಟೆ ಸಂಘದ ಇಬ್ಬರು ಬಂದು, ಟೋಪಿ ತೆಗೆದು, ಏನು ಹೇಳಬೇಕೆಂದು ತೋಚದೆ ಗೋರಿಗೆ ನಮಸ್ಕರಿಸಿ ಹೋದರು. ಮೂರು ಗೋರಿಯ ಜಾಗ ಒಂದೊಂದಾಗಿ ತುಂಬಿಕೊಂಡಿತು.

ವೆಂಡೆಲ್ ಕಲ್ಲಿನ ಮೇಲಿನ ಒಣ ಎಲೆಯೊಂದನ್ನು ಒರೆಸಿ ತೆಗೆದು, "ಮನೆ?" ಎಂದ.

"ನಿಮ್ಮದೇ. ಬಿಲ್ಲೆಯೂ."

"ಬರ್ನಬಾಶ್ ಬಾಚಿಗೆ ತೊಂದರೆ ಆಗುತ್ತಾ?"

"ಆಗದ ಹಾಗೆ ನೋಡ್ಕೋತೀನಿ."

"ಯೂಲಿಶ್ ನೇನಿಯನ್ನ ಕೆಲಸದಿಂದ ತೆಗೆದುಬಿಡ್ತಾರಾ?"

"ಯಾರಿಗಿದೆ ಅಷ್ಟು ಧೈರ್ಯ?"

ಅವನ ಮುಖದಲ್ಲಿ ನಗುವಿನಂಥದ್ದೊಂದು ಕಂಡು ಮರೆಯಾಯಿತು. ಮೇಣದಬತ್ತಿ ಹಚ್ಚಲು ಬೆಂಕಿಕಡ್ಡಿ ಗೀರಿದ. ಎಟೆಲ್ಕಾ ತಾನು ತಂದ ಸೇವಂತಿಗೆಯನ್ನು ಕಲ್ಲಿನ ಮೇಲಿಟ್ಟಳು. ಬೆಳಿಗ್ಗೆಯಿಂದ ಅವಳ ಮನಸ್ಸು ಹಗುರವಾಗಿತ್ತು. ಇಂಥ ಹಗುರದಲ್ಲಿ ಮನುಷ್ಯರು ಸ್ವಲ್ಪ ಹೆಚ್ಚೇ ಮಾತಾಡುತ್ತಾರೆ.

"ಈಗ ಉಳಿದಿರೋದು ಅಸಲಿ ಒಂದೇ," ಎಂದಳು. "ಹುಡುಕ್ತೀನಿ. ಗುರುತು ಹಿಡಿಯೋದು ಕಷ್ಟವಿಲ್ಲ. ಇನ್ನು ಟೇಪು ನಂಬಲ್ಲ, ತಕ್ಕಡಿ ಹಿಡ್ಕೊಂಡೇ ಹೋಗ್ತೀನಿ. ಹನ್ನೊಂದು ಕಿಲೋ ಮುನ್ನೂರ ಅರವತ್ತು."

"ಅದು ಫೆಬ್ರವರಿ ತೂಕ," ಎಂದ ವೆಂಡೆಲ್, ಬತ್ತಿಯ ಕಡೆಗೆ ಕಡ್ಡಿ ಚಾಚುತ್ತ, ತಪ್ಪು ತಿದ್ದುವವನ ಸಹಜವಾದ ದನಿಯಲ್ಲಿ. "ಈಗ ಹನ್ನೊಂದು ಕಿಲೋ ನೂರಿಪ್ಪತ್ತು. ಒಣಗಿದೆಯಲ್ಲ."

ಕಡ್ಡಿ ಉರಿದು ಅವನ ಬೆರಳು ಮುಟ್ಟುವವರೆಗೂ ಇಬ್ಬರೂ ಅಲುಗಲಿಲ್ಲ.